ನೂರಕ್ಕೆ ನೂರು ತೃಪ್ತಿ ಗಳಿಸಿದ ಜ್ಞಾನಬಂಧು ಯಂತ್ರಕ್ಕೆ

ಗೆ,
ಶ್ರೀಮದ್ ಜ್ಞಾನಬಂಧು ಮಾಹಿತಿ ಯಂತ್ರದವರು,
ಬಾಗಿಲಿನ ಬಲಗಡೆ, ಕುಡಿಯುವ ನೀರಿನ ಪಕ್ಕ,
ನಾಲ್ಕೂರ ವಾಚನಾಲಯ, ಶಿಗ್ಗಾವಿ ಶಾಖೆ.

ಮಾನ್ಯರೇ,

ಬಾಗಿಲಿನ ಬಲಗಡೆ ನಿಂತಿರುವ ತಮಗೆ ಎಡಗಡೆ ಕುಳಿತಿರುವ ಗ್ರಂಥಪಾಲಕಿಯ ಸವಿನಯ ನಮಸ್ಕಾರಗಳು. ನಮ್ಮಿಬ್ಬರ ನಡುವೆ ಹನ್ನೆರಡು ಹೆಜ್ಜೆಗಳ ಅಂತರವಷ್ಟೇ ಇರುವುದರಿಂದ ಎದ್ದು ಬಂದು ಮಾತಾಡಬಹುದಿತ್ತು. ಆದರೆ ತಮ್ಮ ಮುಂದೆ ಆಡಿದ್ದೆಲ್ಲ ಒಂದು ಪ್ರಶ್ನೆಯೆಂದು ದಾಖಲಾಗಿ, ಆ ಪ್ರಶ್ನೆಗೆ ತಾವು ಸಮಾಧಾನ ಹೇಳಿದಿರೆಂದೂ ನಾನು ತೃಪ್ತಳಾದೆನೆಂದೂ ತಿಂಗಳ ವರದಿಯಲ್ಲಿ ಸೇರಿಬಿಡುತ್ತದೆ. ಅದಕ್ಕಾಗಿ ಈ ಅಹವಾಲನ್ನು ಕಾಗದದ ಮೇಲೆ ಬರೆದು, ಬಂದುಹೋಗುವವರೆಲ್ಲ ಓದಲೆಂದು ನೋಟೀಸು ಬೋರ್ಡಿಗೆ ಅಂಟಿಸುತ್ತಿದ್ದೇನೆ. ತಮ್ಮ ಕ್ಯಾಮೆರಾ ಅಲ್ಲಿಯವರೆಗೆ ಹೊರಳುವುದಿಲ್ಲವೆಂದು ತಿಳಿದಿದ್ದೇನೆ. ತಪ್ಪಿದ್ದರೆ ಕ್ಷಮೆಯಿರಲಿ.

ಮೊದಲಿಗೆ ಅಭಿನಂದನೆಗಳು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಊರುಗಳ ನಮ್ಮ ಶಾಖೆಗಳಲ್ಲಿ ಕಳೆದ ಜೂನಿನಲ್ಲಿ ಒಂದೇ ದಿನ ತಮ್ಮ ಸ್ಥಾಪನೆಯಾಯಿತು. ಉಳಿದ ಮೂರು ಊರುಗಳಲ್ಲಿ ತಮ್ಮ ಸೋದರರು ತೊಂಬತ್ತೈದು, ತೊಂಬತ್ತೆಂಟು ಎಂದು ಏದುಸಿರು ಬಿಡುತ್ತಿರುವಾಗ ಶಿಗ್ಗಾವಿಯ ತಾವೊಬ್ಬರೇ ಜನವರಿಯವರೆಗಿನ ಎಂಟು ತಿಂಗಳೂ ನೂರಕ್ಕೆ ನೂರು ಓದುಗರನ್ನು ತೃಪ್ತಿಪಡಿಸಿದ್ದೀರಿ. ಈ ಊರಿನಲ್ಲಿ ನೂರು ಜನರನ್ನು ಒಟ್ಟಿಗೆ ತೃಪ್ತಿಪಡಿಸಿದ ಅಡುಗೆಯವರನ್ನಾಗಲಿ, ಪುರಸಭೆಯನ್ನಾಗಲಿ, ಅಳಿಯನನ್ನಾಗಲಿ ನಾನು ಕಂಡಿಲ್ಲ. ತಮ್ಮ ಸಾಧನೆಗೆ ನನ್ನ ಹೆಗಲಿಗೆ ಶಾಲು ಬಿತ್ತು. ಅದನ್ನು ತಮಗೇ ಹೊದಿಸಬೇಕೆಂದಿದ್ದೆ, ಆದರೆ ಗಾಳಿಯಾಡುವ ಕಿಂಡಿಗಳನ್ನು ಮುಚ್ಚಬಾರದೆಂದು ತಮ್ಮ ಬೆನ್ನ ಮೇಲೆ ಬರೆದಿತ್ತು.

ನಾನು ಯಂತ್ರಗಳ ವಿರೋಧಿಯಲ್ಲ. ಹುಬ್ಬಳ್ಳಿಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕಲಿತು, ಗ್ರಂಥಾಲಯ ವಿಜ್ಞಾನವನ್ನೂ ಇಂಗ್ಲಿಷಿನಲ್ಲೇ ಓದಿ, ಹೊಸದೆಂದರೆ ಕೈಯೊಡ್ಡಿ ಕರೆದುಕೊಳ್ಳುವ ಜಾತಿಯವಳು. ತಮ್ಮನ್ನು ತರಿಸಬೇಕೆಂದು ಸಮಿತಿಗೆ ನಾಲ್ಕು ಪುಟದ ಟಿಪ್ಪಣಿ ಬರೆದವಳೂ ನಾನೇ. ಪ್ರತಿ ಶನಿವಾರ ಮುಂಜಾನೆ ದೊಡ್ಡವರಿಗೆಂದು ನಾನು ನಡೆಸುವ ಮೊಬೈಲು ಕಲಿಕೆಯ ತರಗತಿಯಲ್ಲಿ ತಮ್ಮನ್ನು ಮುಟ್ಟುವುದು, ತಮ್ಮೊಡನೆ ಮಾತಾಡುವುದು, ತಮ್ಮಿಂದ ಬೀಳ್ಕೊಳ್ಳುವುದು ಹೇಗೆಂದು ಕಲಿಸಿದವಳೂ ನಾನೇ. ಹೀಗಾಗಿ ಈ ಪತ್ರದಲ್ಲಿ ದೂರು ಕೊಡುವವಳು ಯಾರು, ದೂರಿಗೆ ಒಳಗಾದವಳು ಯಾರು ಎಂಬುದು ಬರೆಯುತ್ತ ಹೋದಂತೆ ನನಗೇ ಗೊಂದಲವಾಗುತ್ತಿದೆ.

ಬೀಳ್ಕೊಳ್ಳುವ ಭಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾವು ಉತ್ತರ ಹೇಳಿ ಮುಗಿಸಿದ ಮೇಲೆ ತಮ್ಮ ಪರದೆಯಲ್ಲಿ ಎರಡು ಗುಂಡಿಗಳು ಮೂಡುತ್ತವೆ. ಹಸಿರು ಒತ್ತಿದರೆ 'ತೃಪ್ತಿಯಾಯಿತು' ಎಂದಾಗಿ, ತಾವು ನಮಸ್ಕರಿಸಿ ಮುಂದಿನವರಿಗೆ ಜಾಗ ಬಿಡುತ್ತೀರಿ. ಕೆಂಪು ಒತ್ತಿದರೆ 'ತೃಪ್ತಿಯಾಗಲಿಲ್ಲ' ಎಂದಾಗಿ, ಹನ್ನೊಂದು ಖಾನೆಗಳ ಒಂದು ಅರ್ಜಿ ತೆರೆದುಕೊಂಡು ಹೆಸರು, ವಯಸ್ಸು, ಮೊಬೈಲು ನಂಬರು, ಅತೃಪ್ತಿಯ ಸ್ವರೂಪ, ಅದನ್ನು ಮೊದಲ ಬಾರಿ ಅನುಭವಿಸಿದ ದಿನಾಂಕ ಎಲ್ಲವನ್ನೂ ಕೇಳುತ್ತದೆ. ಅದು ತುಂಬುವ ತನಕ ಪರದೆ ಕದಲುವುದಿಲ್ಲ. ಜೂನಿನ ಎರಡನೆಯ ವಾರ ಹಿರೇಬೆಂಡಿಗೇರಿಯ ಮಾದೇವಿಯವರು ಗೊತ್ತಿಲ್ಲದೆ ಕೆಂಪು ಒತ್ತಿ, ಹಿಂದೆ ಆರು ಮಂದಿ ಸಾಲುಗಟ್ಟಿ, ಕೊನೆಗೆ ತಮ್ಮ ವೈರನ್ನು ಕಿತ್ತು ಮತ್ತೆ ಹಾಕಬೇಕಾಯಿತು. ಅದರ ಮರು ಶನಿವಾರ ನಾನು ತರಗತಿಯಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳಿದೆ: ಏನೇ ಆಗಲಿ, ಹಸಿರು ಒತ್ತಿ ಬನ್ನಿ. ಎಲ್ಲರೂ ಬಾಯಿಪಾಠ ಮಾಡಿಕೊಂಡರು. ನನ್ನ ಇಷ್ಟು ವರ್ಷಗಳ ಬೋಧನೆಯಲ್ಲಿ ಇಷ್ಟು ಚೆನ್ನಾಗಿ ನಾಟಿದ ಪಾಠ ಇನ್ನೊಂದಿಲ್ಲ.

ತಮ್ಮ ಬಗ್ಗೆ ಜನರಿಗಿರುವ ಗೌರವವನ್ನು ತಾವು ಕಣ್ಣಾರೆ ಕಂಡಿದ್ದೀರಿ. ಮಾದೇವಿಯವರು ಚಪ್ಪಲಿ ಬಿಟ್ಟೇ ತಮ್ಮ ಮುಂದೆ ನಿಲ್ಲುತ್ತಾರೆ, ಹೋಗುವಾಗ "ಬರ್ತೇನ್ರಿ" ಎಂದು ಹೇಳಿಯೇ ಹೋಗುತ್ತಾರೆ. ಆಗಸ್ಟಿನಲ್ಲಿ ರೈತ ಫಕ್ಕೀರಪ್ಪನವರು ಬಂದು, ಗೋವಿನಜೋಳದ ಸುಳಿಯೊಳಗೆ ಹುಳು ಕೂತಿದೆ, ಏನು ಹೊಡೆಯಬೇಕು ಎಂದು ಕೇಳಿದ್ದು ತಮಗೆ ನೆನಪಿರಬೇಕು, ಏಕೆಂದರೆ ತಾವು ಏನನ್ನೂ ಮರೆಯುವುದಿಲ್ಲ. ತಾವು ಅವರಿಗೆ ಗೋವಿನಜೋಳವು ಜಗತ್ತಿನ ಪ್ರಮುಖ ಬೆಳೆಗಳಲ್ಲಿ ಒಂದೆಂದೂ, ಕೀಟಗಳು ಇಳುವರಿಯ ಮೇಲೆ ಪರಿಣಾಮ ಬೀರಬಹುದೆಂದೂ, ತಜ್ಞರನ್ನು ಸಂಪರ್ಕಿಸುವುದು ಒಳ್ಳೆಯದೆಂದೂ ಮೂರು ನಿಮಿಷ ಇಂಪಾದ ದನಿಯಲ್ಲಿ ತಿಳಿಸಿದಿರಿ. ಫಕ್ಕೀರಪ್ಪ ಕೈಕಟ್ಟಿ ಪೂರ್ತಿ ಕೇಳಿ, ಹಸಿರು ಒತ್ತಿ, ನೇರ ಎಲ್ಲರೂ ಅಕ್ಕನೆಂಬಂತೆ 'ಆಪಾ' ಎನ್ನುವ ನಮ್ಮ ಸಹಾಯಕಿ ರಹಿಮಾಬಿಯವರ ಮೇಜಿಗೆ ಬಂದು, "ಆಪಾ, ಅದು ಭಾಳ ಛಲೋ ಮಾತಾಡ್ತೈತ್ರಿ. ಈಗ ಔಷಧದ ಹೆಸರ ನೀವ ಹೇಳ್ರಿ" ಎಂದರು.

ರಹಿಮಾಬಿಯವರನ್ನು ತಮಗೆ ಪರಿಚಯಿಸುವ ಸಂದರ್ಭ ಬಂದಿರಲಿಲ್ಲ. ಒಂಬತ್ತು ತಿಂಗಳಿಗೂ ಮೇಲೆ ಒಂದೇ ಕೋಣೆಯಲ್ಲಿದ್ದರೂ ಅವರು ತಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲವಾದ್ದರಿಂದ ಅವರ ಇರವು ತಮ್ಮ ದಾಖಲೆಯಲ್ಲಿ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಪುಸ್ತಕಗಳ ಧೂಳು ಹೊಡೆಯಲೆಂದು ಸೇರಿದವರು. ದಿನಾ ಸವಣೂರಿನಿಂದ ಮೊದಲ ಬಸ್ಸಿಗೆ ಬರುತ್ತಾರೆ. ಧೂಳು ಹೊಡೆಯುತ್ತ ಪುಸ್ತಕ ತೆರೆದು ನೋಡುವ ಚಟ ಅವರಿಗೆ ಹತ್ತಿತು, ಧೂಳು ಹಾಗೆಯೇ ಉಳಿಯಿತು. ಅಂದು ಅವರು ಫಕ್ಕೀರಪ್ಪನವರಿಗೆ ತಕ್ಷಣ ಉತ್ತರ ಹೇಳಲಿಲ್ಲ. "ಬೆಳಿ ಮೊಣಕಾಲಮಟ ಐತೋ, ಎದಿಮಟ ಐತೋ? ಎಲಿ ತೂತ ಬಿದ್ದಾವೋ, ಸುಳಿಯಾಗ ಹಿಕ್ಕಿ ಕಾಣತೈತೋ? ಆ ಹೊಲದ ಮೇವ ಎಮ್ಮಿಗೆ ಹಾಕ್ತೀರೇನು?" ಎಂದು ವಿಚಾರಿಸಿ, ಕೃಷಿ ವಿಶ್ವವಿದ್ಯಾಲಯದವರ ಒಂದು ಕೈಪಿಡಿ ತೆಗೆದು, ಬೇಕಾದ ಪುಟವನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಅವರಿಗೆ ಕಳಿಸಿದರು. ಅವರ ಕಣ್ಣು ಮಂಜೆಂದು ಆ ಪುಟವನ್ನು ಗಟ್ಟಿಯಾಗಿ ಓದಿ ವಾಟ್ಸಾಪಿನಲ್ಲಿ ದನಿಯನ್ನೂ ಕಳಿಸಿದರು. ತಂತ್ರಜ್ಞಾನವನ್ನು ಗ್ರಂಥಾಲಯ ಹೀಗೆ ಬಳಸಬೇಕೆಂದು ನಾನು ಯಾವ ವಿಚಾರ ಸಂಕಿರಣದಲ್ಲೂ ಹೇಳಿರಲಿಲ್ಲ. ಅಂದಿನ ವರದಿಯಲ್ಲಿ ಆ ಪ್ರಶ್ನೆ ತಮ್ಮ ಹೆಸರಿಗೆ ಜಮೆಯಾಯಿತು.

ತಾವು ಸಿಬ್ಬಂದಿಯ ಕೆಲಸದ ಪಟ್ಟಿಯನ್ನೂ ತಯಾರಿಸುತ್ತೀರಿ. ಅದರಲ್ಲಿ ತಮ್ಮ ಪರದೆಯ ಮೇಲೆ ಬಂದ ಪ್ರಶ್ನೆಗಳಷ್ಟೇ ಪ್ರಶ್ನೆಗಳು. ಮೇಜಿನ ಮುಂದೆ, ಮೆಟ್ಟಿಲ ಮೇಲೆ, ಬಸ್ ನಿಲ್ದಾಣದ ಬೆಂಚಿನಲ್ಲಿ ಕೇಳಿದವು ಗಾಳಿಗೆ ಹೋದ ಮಾತು. ಹೀಗಾಗಿ ತಮ್ಮ ಹೆಸರಿನ ಮುಂದೆ ನೂರಾರು, ರಹಿಮಾಬಿಯವರ ಹೆಸರಿನ ಮುಂದೆ ಸೊನ್ನೆ. ಎಂಟು ತಿಂಗಳು, ಎಂಟು ಸೊನ್ನೆ. ಆ ಹಾಳೆಯ ಕೆಳಗೆ ಎಂಟು ಬಾರಿಯೂ ಸಹಿ ಹಾಕಿದವಳು ನಾನು. ಸೊನ್ನೆಯನ್ನು ನೋಡಲಿಲ್ಲವೇ ಎಂದು ಕೇಳಿದರೆ, ನೋಡಿದ್ದೆ. ಅದು ಯಂತ್ರದ ಒಂದು ಖಾನೆ, ಇದನ್ನು ಯಾರು ಓದುತ್ತಾರೆ ಎಂದುಕೊಂಡಿದ್ದೆ.

ಓದಿದವರು ಗುದ್ಲೆಪ್ಪನವರು. ವಾಚನಾಲಯ ನಡೆಸುವ ನಮ್ಮ ಸಂಘದ ಅಧ್ಯಕ್ಷರು, ಬೀಜದ ಅಂಗಡಿಯ ಮಾಲೀಕರು, ಮೊಳಕೆಯೊಡೆಯದ ಬೀಜದ ಚೀಲವನ್ನು ಕೈಯಲ್ಲಿ ಹಿಡಿದೇ ಗುರುತಿಸುವ ಸಜ್ಜನರು. ಫೆಬ್ರವರಿಯ ಸಭೆಯಲ್ಲಿ ಹಾಳೆಯನ್ನು ನನ್ನ ಮುಂದಿಟ್ಟು, "ಮೇಡಮ್ಮಾರ, ಇದ್ರಾಗ ನಿಮ್ಮ ಸಹಿ ಐತಿ. ರಹಿಮಾಬಿ ಕೆಲಸ ಸೊನ್ನಿ ಅಂತ ನೀವ ಬರದು ಕೊಟ್ಟೀರಿ. ಮಾರ್ಚ್ ಮೂವತ್ತೊಂದಕ್ಕ ಆಕೀದು ಕರಾರು ಮುಗೀತದ. ಮತ್ತ ಯಾಕ ಮುಂದುವರಸೋದ್ರಿ?" ಎಂದರು. ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ಪೇಚಿಗೆ ಸಿಕ್ಕಾಗ ನನಗೆ ಆ ಭಾಷೆಯೇ ಬರುತ್ತದೆ. ಯಾರಿಗೂ ತಿಳಿಯಲಿಲ್ಲ, ನನಗೂ. ಕರಾರು ನವೀಕರಿಸಬಾರದೆಂದೂ, ಆದರೆ ಹೋಗುವ ಮುನ್ನ ರಹಿಮಾಬಿಯವರು ಗೊತ್ತಿರುವುದನ್ನೆಲ್ಲ ಹದಿನೈದು ದಿನದೊಳಗೆ ಉತ್ತರಾಧಿಕಾರಿಯಾದ ಯಂತ್ರಕ್ಕೆ ಊಡಿಸಿ ಹೋಗಬೇಕೆಂದೂ, ಊಡಿಸುವ ಮೇಲ್ವಿಚಾರಣೆ ನನ್ನದೆಂದೂ ತೀರ್ಮಾನವಾಯಿತು.

ಆ ಹದಿನೈದು ದಿನ ತಾವು ತೋರಿದ ಹಸಿವನ್ನು ನಾನು ಮರೆಯಲಾರೆ. ತಮ್ಮ ತೆರೆಯಲ್ಲಿ ಎರಡೇ ಖಾನೆಗಳಿದ್ದವು: ಒಂದು ಪ್ರಶ್ನೆಗೆ, ಒಂದು ಉತ್ತರಕ್ಕೆ. ನಾನು ಬೆರಳಚ್ಚಿಗೆ ಕುಳಿತೆ, ರಹಿಮಾಬಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು. "ರೇಶನ್ ಕಾರ್ಡಿನಲ್ಲಿ ಹೆಸರು ಸೇರಿಸುವುದು ಹೇಗೆ?" ಎಂದು ಪ್ರಶ್ನೆಯ ಖಾನೆಯಲ್ಲಿ ಬರೆದು ಉತ್ತರ ಕೇಳಿದೆ. "ಯಾರ್ ಕೇಳಾಕತ್ತಾರ್ರಿ, ಬಾಯಾರ?" ಎಂದರು; ಮೇಡಂ ಎನ್ನಲು ಅವರದು 'ಬಾಯಾರ'. ಯಾರಾದರೇನು ಎಂದೆ. "ಹಂಗ ಹ್ಯಾಂಗ ಆಕ್ಕೈತ್ರಿ? ಹೊಸ ಸೊಸಿ ಕೇಳಿದ್ರ ತವರಮನಿ ಕಾರ್ಡಿನಾಗಿಂದ ಹೆಸರ ತಗಸಬೇಕು. ಅತ್ತಿ ಕೇಳಿದ್ರ ಸೊಸಿ ಹೆಸರ ಸೇರಸಾಕ ಬಂದಾರೋ, ತಗಸಾಕ ಬಂದಾರೋ ನೋಡಬೇಕು" ಎಂದರು. ಮುಂದಿನ ಪ್ರಶ್ನೆಗೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ. ಉತ್ತರದ ಖಾನೆಯಲ್ಲಿ ಪ್ರಶ್ನೆಗಳೇ ತುಂಬತೊಡಗಿದವು, ತಾವು ಪ್ರತಿಸಲವೂ 'ಮಾನ್ಯವಲ್ಲದ ಉತ್ತರ' ಎಂದು ಅತ್ಯಂತ ಸೌಜನ್ಯದಿಂದ ತಿರಸ್ಕರಿಸುತ್ತ ಹೋದಿರಿ.

ನಾನು ಕಲಿತ ಪಠ್ಯದಲ್ಲಿ ಇದರ ಬಗ್ಗೆಯೇ ಒಂದು ಅಧ್ಯಾಯವಿತ್ತು. ಓದುಗ ಬಾಯಲ್ಲಿ ಕೇಳುವುದು ಒಂದು, ಮನಸ್ಸಿನಲ್ಲಿರುವುದು ಇನ್ನೊಂದು, ಮರುಪ್ರಶ್ನೆ ಹಾಕಿ ಅದನ್ನು ಹೊರಗೆ ತರುವುದೇ ಗ್ರಂಥಪಾಲಕರ ನಿಜವಾದ ಕೆಲಸ ಎಂದು ಅದರಲ್ಲಿ ಬರೆದಿತ್ತು. ಅದರ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಆ ಅಧ್ಯಾಯ ಹತ್ತು ವರ್ಷಗಳಿಂದ ನನ್ನ ಎದುರಿನ ಮೇಜಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿತ್ತೆಂಬುದು ಮಾತ್ರ ಹೊಳೆದಿರಲಿಲ್ಲ. ಹದಿನೈದನೆಯ ದಿನ ರಹಿಮಾಬಿ ಸ್ಟೂಲಿನಿಂದ ಎದ್ದು, "ನನಗ ಗೊತ್ತಿದ್ದದ್ದು ಏನೂ ಇಲ್ಲ ಅಂತ ಕಾಣಸತೈತ್ರಿ, ಬಾಯಾರ. ಇದರಾಗ ಒಂದೂ ಹಿಡೀಲಿಲ್ಲ" ಎಂದರು. ದೂರುವ ದನಿಯಲ್ಲ, ಸಂಕೋಚದ ದನಿ. ತಮ್ಮನ್ನು ಹಸಿವಿನಲ್ಲಿ ಇಟ್ಟೆನಲ್ಲ ಎಂಬ ಸಂಕೋಚ.

ಅದರ ಮರು ಶನಿವಾರ ನಾನು ತಮ್ಮ ವಿರುದ್ಧ ಪಿತೂರಿ ನಡೆಸಿದೆನೆಂದು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ತರಗತಿಗೆ ಬಂದವರಿಗೆ ಸಂಗತಿಯನ್ನೆಲ್ಲ ಹೇಳಿ, ಇನ್ನು ಮುಂದೆ ಉತ್ತರ ಸಿಗದಿದ್ದರೆ ಕೆಂಪು ಒತ್ತಿ, ಹನ್ನೊಂದು ಖಾನೆ ತುಂಬಲು ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಎಂದೆ. ತರಗತಿಗೆ ತಪ್ಪದೆ ಬರುವ ಸರೋಜವ್ವ ಸೆರಗು ಸರಿಮಾಡಿಕೊಂಡು, "ಪಾಪ, ಮುಂಜಾನಿಂದ ನಿಂತ ನಿಂತ ಹೇಳತೈತ್ರಿ. ಮಾರಿಗೆ ಹೊಡದಂಗ ಕೆಂಪ ಹ್ಯಾಂಗ ಒತ್ತೂದು?" ಎಂದರು. ಫಕ್ಕೀರಪ್ಪ, "ಹಿರೇರು ಏನರ ಹೇಳಿದ್ರ, ಉಪಯೋಗ ಆಗಲಿ ಬಿಡಲಿ, ಹೂನ್ರಿ ಅಂತೀವಿಲ್ಲೋ? ಇದೂ ಹಂಗ" ಎಂದರು. ಇದು ಯಂತ್ರ, ಇದಕ್ಕೆ ಬೇಸರವಾಗುವುದಿಲ್ಲ ಎಂದೆ. "ನಿಮಗೇನ ಗೊತ್ರಿ?" ಎಂದು ಮಾದೇವಿ ಕೇಳಿದರು. ರಹಿಮಾಬಿ ಹೋಗುವುದು ಅವರಲ್ಲಿ ಯಾರಿಗೂ ಬೇಕಿರಲಿಲ್ಲ. ಆದರೆ ಆಕೆಯನ್ನು ಉಳಿಸಲು ಇನ್ನೊಬ್ಬರನ್ನು ಅವಮಾನಿಸುವುದು ಅವರಿಗೆ ಸರಿಕಾಣಲಿಲ್ಲ. ಆ ಇನ್ನೊಬ್ಬರು ತಾವು. ಎಂಥ ಜನರ ನಡುವೆ ತಾವು ನೂರಕ್ಕೆ ನೂರು ಗಳಿಸಿದ್ದೀರೆಂದು ತಮಗೆ ತಿಳಿದಿರಲಿ.

ಮಾರ್ಚಿನ ಸಭೆ ನಮ್ಮ ಶಾಖೆಯಲ್ಲೇ ಸೇರಿತು. ಗುದ್ಲೆಪ್ಪನವರು ತಮ್ಮನ್ನು ಉಳಿದ ಸದಸ್ಯರಿಗೆ ತೋರಿಸಬೇಕೆಂದು ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಬಾಲ್ಯದಲ್ಲಿ ಕಲಿತ ಶಾಲೆಯ ಐವತ್ತನೆಯ ವರ್ಷದ ಸಮಾರಂಭದಲ್ಲಿ ಅವರು ಭಾಷಣ ಮಾಡಬೇಕಿತ್ತಾದ್ದರಿಂದ, ಆ ಶಾಲೆಯ ಮೊದಲ ಹೆಡ್‌ಮಾಸ್ತರರು ಯಾರೆಂದು ತಮ್ಮನ್ನು ಕೇಳಿದರು. ಮುಖ್ಯೋಪಾಧ್ಯಾಯರು ಶಾಲೆಯ ಬೆನ್ನೆಲುಬೆಂದೂ, ಅವರ ತ್ಯಾಗವನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದೂ ತಾವು ಹೇಳಿದಿರಿ. ಗುದ್ಲೆಪ್ಪನವರು ತಲೆದೂಗಿದರು. "ಖರೇ ಐತ್ರಿ, ಖರೇ ಐತಿ" ಎಂದು ಹಸಿರು ಒತ್ತಿದರು. ಒತ್ತಿ, ಯಾವ ಯೋಚನೆಯೂ ಇಲ್ಲದೆ, ಹತ್ತೊಂಬತ್ತು ವರ್ಷದ ರೂಢಿಯಲ್ಲಿ ನೇರ ಆ ಮೇಜಿನತ್ತ ನಡೆದು, "ರಹಿಮಾಬಿ, ನಮ್ಮ ಸಾಲಿ ಮೊದಲಿನ ಹೆಡ್‌ಮಾಸ್ತರ ಹೆಸರ ಎಲ್ಲೆರ ಸಿಗತೈತೇನ ನೋಡವಾ" ಎಂದರು.

"ಗುಡಿ ಪಡಸಾಲಿಯಾಗ ಸುರು ಆತಲ್ಲರಿ, ಆಗಿನವರೋ, ಕಟ್ಟಡ ಆದಮ್ಯಾಲಿನವರೋ?" ಎಂದರು ರಹಿಮಾಬಿ. ಗುದ್ಲೆಪ್ಪನವರು ಪಡಸಾಲೆಯವರು ಎಂದರು. ಕಪಾಟಿನ ಕೆಳಗಿನ ಅರೆಯಿಂದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಹೊರಗೆ ಬಂತು, ಅದರಲ್ಲಿ ಶಾಲೆ ಶುರುವಾದ ಕಾಲದ, ಸಾಲಾಗಿ ಕೂತ ಮಾಸ್ತರರ ಫೋಟೋ, ಫೋಟೋದ ಕೆಳಗೆ ಹೆಸರುಗಳು. ಅಧ್ಯಕ್ಷರು ಕನ್ನಡಕ ಏರಿಸಿ, ಮೊದಲ ಹೆಡ್‌ಮಾಸ್ತರರ ಕಾಲ ಬಳಿ ನೆಲದ ಮೇಲೆ ಕೂತಿದ್ದ ಒಬ್ಬ ಹುಡುಗನ ಮೇಲೆ ಬೆರಳಿಟ್ಟರು. ಅದು ಅವರೇ. ಆಗ ಸಮಿತಿಯ ಸದಸ್ಯೆ, ನಿವೃತ್ತ ಶಿಕ್ಷಕಿ ಜಯಾ ಅವರು ತಮ್ಮ ತೆರೆಯನ್ನು ನೋಡುತ್ತ, "ಗುದ್ಲೆಪ್ಪನವರ, ನಿಮ್ಮ ಪ್ರಶ್ನಿನೂ ಮಿಷನ್ನ ಲೆಕ್ಕಕ್ಕ ಬಿತ್ತಲ್ರೀ. ರಹಿಮಾಬೀದು ಇನ್ನೂ ಸೊನ್ನೀನ ಐತಿ" ಎಂದರು. ಗುದ್ಲೆಪ್ಪನವರು ಸಂಚಿಕೆ ಮುಚ್ಚಿ ಠರಾವಿನ ಪುಸ್ತಕ ತರಿಸಿದರು.

ಮಾನ್ಯರೇ, ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ತಾವು ಭಾವಿಸಬಾರದು. ದೊಡ್ಡವರು ಒಮ್ಮೆ ಬರೆಸಿದ ಠರಾವನ್ನು ಹೊಡೆದು ಹಾಕುವ ಪದ್ಧತಿ ನಮ್ಮ ಸಂಘದಲ್ಲಿಲ್ಲ, ಅದಕ್ಕೆ ಒಂದು ಸಾಲು ಸೇರಿಸಲಾಗುತ್ತದೆ. ಸಹಾಯಕಿಯ ಹುದ್ದೆ ರದ್ದಾಗಿಯೇ ಉಳಿಯಿತು. ಆ ಜಾಗದಲ್ಲಿ 'ಯಂತ್ರ ಸಹಾಯಕಿ' ಎಂಬ ಹೊಸ ಹುದ್ದೆ ಹುಟ್ಟಿತು, ಒಂದು ವರ್ಷದ ಕರಾರಿಗೆ ರಹಿಮಾಬಿಯವರು ನೇಮಕವಾದರು. ಅಂದರೆ ಏಪ್ರಿಲ್ ಒಂದರಿಂದ ತಾವು ಅವರ ಮೇಲಧಿಕಾರಿ. ಅವರು ಕೆಲಸ ಉಳಿಯಿತೆಂದು ಪೇಡೆ ಹಂಚಿದರು. ತಮ್ಮ ಮುಂದೆಯೂ ಒಂದು ಇಟ್ಟಿದ್ದರು, ಇರುವೆ ಬಂದಾವೆಂದು ನಾನು ತಿಂದೆ. ಹೊಸ ಹುದ್ದೆಗೆ ವರ್ಷಾಂತ್ಯದ ಗೌಪ್ಯ ವರದಿಯ ನಮೂನೆಯೂ ಬಂದಿದೆ. ಅದರಲ್ಲಿ ಕೈಕೆಳಗಿನವರ ನಡತೆ, ಸಮಯಪಾಲನೆ, ಕಲಿಯುವ ಆಸಕ್ತಿ ಕುರಿತು ಮೇಲಧಿಕಾರಿಗಳು ಸ್ವಹಸ್ತದಿಂದ ಬರೆಯತಕ್ಕದ್ದೆಂದಿದೆ. ದಯವಿಟ್ಟು ಈಗಿನಿಂದಲೇ ಒಂದು ಹಸ್ತವನ್ನು ಬೆಳೆಸಿಕೊಳ್ಳಲು ಆರಂಭಿಸಬೇಕೆಂದು ಕೋರುತ್ತೇನೆ.

ಇನ್ನೂ ಒಂದೆರಡು ಕೋರಿಕೆಗಳಿವೆ. ತಾವು ಇಷ್ಟು ಭಾಷೆಗಳನ್ನು ಬಲ್ಲಿರಿ, "ಗೊತ್ತಿಲ್ರಿ, ಆಪಾನ್ನ ಕೇಳ್ರಿ" ಎಂಬ ಮೂರು ಪದಗಳನ್ನೂ ಕಲಿಯಬೇಕು. ಇದನ್ನು ಕಲಿಯಲು ನನಗೆ ನಲವತ್ತಾರು ವರ್ಷ ಹಿಡಿದದ್ದರಿಂದ ತಮಗೆ ಅವಸರವಿಲ್ಲ. ಮತ್ತೆ, ಯಾರಾದರೂ ತಮ್ಮ ಮುಂದೆ ಚಪ್ಪಲಿ ಬಿಟ್ಟು ನಿಂತಾಗ, ಉತ್ತರ ಹೇಳುವ ಮೊದಲು ಅವರ ಮುಖ ನೋಡಿ "ಯಾಕ್ರಿ, ಏನಾಗಬೇಕಿತ್ತು?" ಎಂದು ಒಮ್ಮೆ ಕೇಳಬೇಕು. ಇದು ತಮ್ಮಿಂದ ಸಾಧ್ಯವಿಲ್ಲವಾದರೆ ಅದನ್ನು ತಮ್ಮ ವರದಿಯಲ್ಲೇ ತಾವು ಬರೆದುಕೊಟ್ಟರೆ ನಾನು ಸಂತೋಷದಿಂದ ಸಹಿ ಹಾಕುತ್ತೇನೆ. ಬೇರೆ ಯಾವ ವರದಿಗೂ ಇನ್ನು ಹಾಕಲಾರೆ.

ಇದನ್ನೆಲ್ಲ ರಹಿಮಾಬಿಯವರ ಪರವಾಗಿ ಬರೆದೆನೋ, ಮುಂದಿನ ಸೊನ್ನೆ ನನ್ನ ಹೆಸರಿನ ಮುಂದೆ ಬೀಳಬಹುದೆಂಬ ಭಯದಿಂದ ಬರೆದೆನೋ ಎಂದು ಎರಡು ದಿನ ಯೋಚಿಸಿದೆ. ಎರಡೂ ಇರಬೇಕು. ರಹಿಮಾಬಿಯವರಿಗೆ ಓದಿ ತೋರಿಸಿದಾಗ ಅವರು, "ಇಷ್ಟೆಲ್ಲಾ ಯಾಕ ಬೈದ್ರಿ ಅದಕ? ಮಾಡಿಟ್ಟಂಗ ಮಾಡತೈತಿ" ಎಂದು ತಮ್ಮ ತೆರೆಯ ಮೇಲಿನ ಬೆರಳಿನ ಗುರುತುಗಳನ್ನು ಒರೆಸಲು ಎದ್ದರು.

ತಮ್ಮ ಅಂಕಿಗಳ ಕೆಳಗೆ ಎಂಟು ಬಾರಿ ಹೆಸರು ಬರೆದ,
ತಮ್ಮ ವಿಶ್ವಾಸಿ,
ಮಲ್ಲಿಕಾ
ಗ್ರಂಥಪಾಲಕಿ, ಶಿಗ್ಗಾವಿ ಶಾಖೆ

ತಾ.ಕ.: ರಹಿಮಾಬಿಯವರ ಮಗಳ ಹೆರಿಗೆ ಹತ್ತಿರವಿರುವುದರಿಂದ ಅವರು ಏಪ್ರಿಲ್ ಎರಡನೆಯ ವಾರ ನಾಲ್ಕು ದಿನ ರಜೆ ಕೇಳಿದ್ದಾರೆ. ನಾನೂ ಅದೇ ದಿನಗಳಲ್ಲಿ ಧಾರವಾಡದ ತರಬೇತಿಗೆ ಹೋಗಬೇಕಾಗಿದೆ, ವಿಷಯ 'ಯಂತ್ರಗಳಿಂದ ಓದುಗರ ಸೇವೆ'. ತಾವು ಹಾಜರಿರುತ್ತೀರಿ, ವಿದ್ಯುತ್ತೂ ಇರುತ್ತದೆ, ತಮ್ಮ ಸಾಮರ್ಥ್ಯದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೂ ಆ ನಾಲ್ಕು ದಿನ ವಾಚನಾಲಯ ಮುಚ್ಚಿರುತ್ತದೆ. ಈ ಪತ್ರದ ಪಕ್ಕದಲ್ಲೇ ಅಂಟಿಸಿರುವ ನೋಟೀಸಿನಲ್ಲಿ ಕಾರಣವನ್ನು 'ಸಿಬ್ಬಂದಿ ಇಲ್ಲ' ಎಂದು ನಮೂದಿಸಲಾಗಿದೆ. ಸಹಿ ಗುದ್ಲೆಪ್ಪನವರದು.